ತಾಳಿಕೆಯೋ ಬಾಳಿಕೆಯೋ? ಹಳೇ ಎಂಜಿನ್ ಪರೀಕ್ಷೆಗೊಂದು ಪದ ಬೇಕು

ಬಳಗದವರಿಗೆ ನಮಸ್ಕಾರ.

ಹಳೆಯ ಮೋಟಾರು ಕಾರುಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಗಾಡಿ ನಿಂತುಬಿಟ್ಟಿದೆ: ಎಂಡ್ಯೂರೆನ್ಸ್ ಟೆಸ್ಟ್, ಅಂದರೆ ಯಂತ್ರವನ್ನು ಬಹುಹೊತ್ತು ದುಡಿಸಿ ಎಷ್ಟು ತಡೆದೀತು ಎಂದು ನೋಡುವ ಪರೀಕ್ಷೆ. ‘ಸಹಿಷ್ಣುತಾ ಪರೀಕ್ಷೆ’ ಎಂಬುದನ್ನು ಅಲ್ಲಲ್ಲಿ ಕಂಡಿದ್ದೇನೆ, ಆದರೆ ಸಹಿಷ್ಣುತೆ ಅಂದ ಕೂಡಲೇ ನಮಗೆ ನೆನಪಾಗುವುದು ಪರಧರ್ಮ. ಪಿಸ್ಟನ್ನಿಗೆ ಅಷ್ಟು ಉದಾರಬುದ್ಧಿ ಬೇಕಿಲ್ಲ.

ಸಂದರ್ಭ ಹೇಳಿದರೆ ಪದ ಹುಡುಕುವುದು ಸುಲಭವಾದೀತು. ಅಮೆರಿಕದ ಚಾರ್ಲ್ಸ್ ಯೇಲ್ ನೈಟ್ ಎಂಬಾತನಿಗೆ ಎಂಜಿನ್ ವಾಲ್ವುಗಳ (ಇಂಧನವನ್ನು ಒಳಬಿಟ್ಟು ಹೊಗೆಯನ್ನು ಹೊರಬಿಡುವ ಕವಾಟಗಳ) ಟಕಟಕ ಸದ್ದು ಕಂಡರಾಗುತ್ತಿರಲಿಲ್ಲ. ಆತ ವಾಲ್ವುಗಳನ್ನೇ ತೆಗೆದು, ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಒಂದರೊಳಗೊಂದು ಎರಡು ಬೀಡಿನ (ಎರಕದ ಕಬ್ಬಿಣದ) ಕೊಳವೆಗಳನ್ನಿಟ್ಟ. ಅವು ಮೇಲೆ ಕೆಳಗೆ ಜಾರುತ್ತ ತಮ್ಮ ಮೈಮೇಲಿನ ಕಂಡಿಗಳನ್ನು ತೆರೆದು ಮುಚ್ಚುತ್ತಿದ್ದವು. (ಈ ಕೊಳವೆಗೆ ಇಂಗ್ಲಿಷಿನಲ್ಲಿ ಸ್ಲೀವ್ ಅನ್ನುತ್ತಾರೆ. ಅದನ್ನು ದಯವಿಟ್ಟು ಯಾರೂ ‘ತೋಳು’ ಮಾಡಬೇಡಿ.) ಇಂಗ್ಲೆಂಡಿನ ಕೊವೆಂಟ್ರಿಯ ಡೈಮ್ಲರ್ ಕಾರು ಕಂಪನಿ 1908ರಲ್ಲಿ ಇದನ್ನು ಕೈಗೆತ್ತಿಕೊಂಡಾಗ ಜನರಿಗೆ ಅನುಮಾನ: ಇಷ್ಟೊಂದು ಭಾಗಗಳು ಮೈಗೆ ಮೈ ಉಜ್ಜಿಕೊಂಡರೆ ಸವೆಯದೆ ಇರುತ್ತವೆಯೇ, ಎಣ್ಣೆ ಆರಿದರೆ ಕಚ್ಚಿಕೊಳ್ಳುವುದಿಲ್ಲವೇ?

1909ರಲ್ಲಿ ಬ್ರಿಟನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಕಣ್ಗಾವಲಿನಲ್ಲಿ ಇಂಥ ಎರಡು ಎಂಜಿನ್ನುಗಳನ್ನು ಕಾರಿಗೆ ಹಾಕದೆ ಪರೀಕ್ಷೆಯ ಬೆಂಚಿನ ಮೇಲೆ ಕೂರಿಸಿ, ಭಾರ ಕೊಟ್ಟು, 132 ಗಂಟೆ ಓಡಿಸಿದರು. ಅಂದರೆ ಐದೂವರೆ ಹಗಲು ರಾತ್ರಿ. ಆಮೇಲೆ ಅವೇ ಎಂಜಿನ್ನುಗಳನ್ನು ಕಾರಿಗೆ ಹಾಕಿ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ಸುಮಾರು 1,900 ಮೈಲಿ ಸುತ್ತಿಸಿದರು. ಮತ್ತೆ ಬೆಂಚಿಗೆ ಹತ್ತಿಸಿ ಐದು ಗಂಟೆ. ಕೊನೆಗೆ ಪೂರ್ತಿ ಬಿಚ್ಚಿ ನೋಡಿದರೆ ಕಣ್ಣಿಗೆ ಕಾಣುವಂಥ ಸವೆತವಿರಲಿಲ್ಲ. ಆ ವರ್ಷ ಕ್ಲಬ್ಬು ಕೊಡುವ ಡ್ಯೂವರ್ ಟ್ರೋಫಿ ಡೈಮ್ಲರ್‌ಗೆ ಹೋಯಿತು.

ಈಗ ಪದಕ್ಕೆ ಬರೋಣ. ಬಟ್ಟೆಯಂಗಡಿಯಲ್ಲಿ ‘ತಾಳಿಕೆ ಬರುತ್ತೆ’, ‘ಬಾಳಿಕೆ ಬರುತ್ತೆ’ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೂ ನನ್ನ ಕಿವಿಗೆ ವ್ಯತ್ಯಾಸ ಕೇಳುತ್ತದೆ. ಬಾಳಿಕೆಗೆ ವರ್ಷಗಳ ಲೆಕ್ಕ: ಚಪ್ಪಲಿ, ಕೊಡೆ, ಬ್ಯಾಟರಿ. ತಾಳಿಕೆಯಲ್ಲಿ ಮೈಮೇಲೆ ಬಿದ್ದ ಭಾರ, ಕಾವು, ಪೆಟ್ಟು ಇದೆ. ಹೆಚ್ಚುಕಡಿಮೆ ಬಿಡುವಿಲ್ಲದ 132 ಗಂಟೆಗೆ ‘ತಾಳಿಕೆ ಪರೀಕ್ಷೆ’ ಸರಿಯೆನಿಸುತ್ತದೆ. ಬಿಚ್ಚಿ ನೋಡಿದ್ದರ ಉದ್ದೇಶ ಮಾತ್ರ ಬಾಳಿಕೆಯನ್ನು ಅಂದಾಜು ಮಾಡುವುದು. ಒಪ್ಪುತ್ತೀರಾ?

‘ಸವೆತ’ದ ಬಗ್ಗೆ ನನಗೆ ಗೊಂದಲವಿಲ್ಲ. ತೇಯುವುದು ನಾವು ಬೇಕೆಂದೇ ಮಾಡುವ ಕೆಲಸ, ಗಂಧದ ಹಾಗೆ. ಸವೆಯುವುದು ತಾನಾಗಿ ಆಗುವಂಥದ್ದು. ಹಿಂದೊಮ್ಮೆ ನನ್ನ ಸ್ಕೂಟರು ಹೊಗೆ ಕಾರತೊಡಗಿದಾಗ ಮೆಕ್ಯಾನಿಕ್ ಹೆಡ್ ಬಿಚ್ಚಿ, ಬೋರಿನೊಳಗೆ (ಪಿಸ್ಟನ್ ಓಡಾಡುವ ಕೊರೆಯೊಳಗೆ) ಹೆಬ್ಬೆರಳು ಇಳಿಸಿ, ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆದರು. ಬಾಯಂಚಿಗೆ ಒಂದಿಷ್ಟು ಕೆಳಗೆ ಉಗುರು ಟಕ್ಕೆಂದು ನಿಂತಿತು. “ನೋಡಿ ಸಾರ್, ಸ್ಟೆಪ್ ಬಿದ್ದಿದೆ” ಅಂದರು. ಪಿಸ್ಟನ್ ರಿಂಗು ಓಡಾಡುವಷ್ಟು ಜಾಗ ಸವೆದು, ಅದು ಮುಟ್ಟದ ಮೇಲಿನ ಭಾಗ ಹಾಗೇ ಉಳಿದು ಆದ ಮೆಟ್ಟಿಲು ಅದು. ಇದಕ್ಕೆ ‘ಏಣು’ ಅನ್ನಬಹುದೇ? ‘ಅಂಚು’ ಸಾಲದು.

ನಿಜವಾಗಿ ನನ್ನನ್ನು ಕಾಡುತ್ತಿರುವುದು ಇನ್ನೊಂದು. 1909ರ ಆ ಪರೀಕ್ಷೆಯಲ್ಲಿ ಎರಡರಲ್ಲಿ ದೊಡ್ಡ ಎಂಜಿನ್ ಮೊದಲ ಸಲ ಬೆಂಚಿನ ಮೇಲೆ ಸರಾಸರಿ 54.3 ಅಶ್ವಶಕ್ತಿ ಕೊಟ್ಟಿತ್ತು. ಅಷ್ಟೆಲ್ಲ ದುಡಿಸಿದ ಮೇಲೆ, ಕೊನೆಯ ಐದು ಗಂಟೆಯಲ್ಲಿ, 57 ದಾಟಿತು! ಸವೆದು ಸೊರಗಬೇಕಾದದ್ದು ದುಡಿದು ಚುರುಕಾಯಿತು. ಇದನ್ನು ತಾಳಿಕೆಯೂ ಹೇಳುವುದಿಲ್ಲ, ಬಾಳಿಕೆಯೂ ಹೇಳುವುದಿಲ್ಲ. ಗ್ಯಾರೇಜಿನಲ್ಲಿ ‘ಎಂಜಿನ್ ಸೆಟ್ ಆಯ್ತು’ ಅನ್ನುತ್ತಾರೆ. ನಮ್ಮಮ್ಮ ಇದನ್ನೇ ದೋಸೆ ಕಾವಲಿಗೆ ‘ಪಳಗಿತು’ ಅನ್ನುತ್ತಿದ್ದರು. ಅದೂ ಬೀಡೇ, ಅಲ್ಲಿಯೂ ಎಣ್ಣೆ, ಕಾವು, ದಿನದಿನದ ಉಜ್ಜಾಟ. ಹಾಗಾಗಿ ‘ಎಂಜಿನ್ ಪಳಗಿತು’ ಎಂದು ಬರೆದಿದ್ದೇನೆ. ಸಂಪಾದಕರು ‘ಪಳಗುವುದು ಎತ್ತು, ಆನೆ’ ಎಂದು ಕೆಂಪು ಗೆರೆ ಎಳೆದಿದ್ದಾರೆ. ಲೇತು, ರೈಸ್‌ಮಿಲ್ಲು, ಪಂಪ್‌ಸೆಟ್ಟುಗಳ ಒಡನಾಟ ಇರುವವರು ಹೇಳಿ: ನಿಮ್ಮ ಕಡೆ ಹೊಸ ಯಂತ್ರ ಪಳಗುತ್ತದೆಯೇ, ಒಗ್ಗುತ್ತದೆಯೇ, ಹದಕ್ಕೆ ಬರುತ್ತದೆಯೇ?