ಕೋರ್ಸ್ ತಗೊಳ್ಳೋ ಮೊದಲೇ ಪುಸ್ತಕದ ಖರ್ಚು ತಿಳಿಯೋದು ಹೇಗೆ? (ಕ್ಯಾಲಿಫೋರ್ನಿಯಾ)

ದಾವಣಗೆರೆ ಅಕ್ಕ:
ನನ್ನ ತಮ್ಮ ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಓದ್ತಿದ್ದಾನೆ. ಬ್ಯಾಂಕ್ ಸಾಲ ಮಾಡಿ, ಫೀಸು, ಬಾಡಿಗೆ, ಊಟ ಎಲ್ಲಾ ಲೆಕ್ಕ ಹಾಕೇ ಕಳಿಸಿದ್ವಿ. ಕ್ಲಾಸ್ ಶುರುವಾದ ಮೇಲೆ ಕೆಮಿಸ್ಟ್ರಿ ಮೇಷ್ಟ್ರು ಹೋಂವರ್ಕ್ ಆನ್‌ಲೈನಲ್ಲೇ ಮಾಡ್ಬೇಕು, ಆಕ್ಸೆಸ್ ಕೋಡ್ ತಗೊಳ್ಳಿ ಅಂದ್ರಂತೆ. 120 ಡಾಲರ್! ಸೀನಿಯರ್ ಒಬ್ಬರು ಹಳೇ ಪುಸ್ತಕ ಕೊಟ್ಟಿದ್ರು, ಆದ್ರೆ ಒಬ್ರು ಬಳಸಿದ ಕೋಡ್ ಇನ್ನೊಬ್ರಿಗೆ ನಡೆಯಲ್ಲ. ಅದನ್ನ ಕೊಳ್ಳದೆ ಹೋದ್ರೆ ಹೋಂವರ್ಕಿನ ಅಂಕವೇ ಇಲ್ಲ. ಇದನ್ನ ಮೊದಲೇ ಹೇಳೋ ನಿಯಮ ಅಲ್ಲಿ ಇಲ್ವಾ?

ಲೈಬ್ರರಿ ಕೆಲಸದವನು:
ಇದೆ ಅಕ್ಕ. ಇಡೀ ಅಮೆರಿಕಕ್ಕೆ ಅನ್ವಯಿಸೋ 2008ರ ಉನ್ನತ ಶಿಕ್ಷಣ ಅವಕಾಶ ಕಾಯ್ದೆ ಪ್ರಕಾರ ಕೋರ್ಸ್ ಪಟ್ಟಿಯಲ್ಲೇ ಪುಸ್ತಕದ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಬೆಲೆ ಎರಡೂ ಇರ್ಬೇಕು. 2010ರ ಜುಲೈಯಿಂದ ಜಾರಿಯಲ್ಲಿದೆ. ಆದ್ರೆ ‘ಸಾಧ್ಯವಾದಷ್ಟು’ ಅನ್ನೋ ಮಾತೂ ಅದರಲ್ಲೇ ಇದೆ. ಮೇಷ್ಟ್ರು ಪುಸ್ತಕ ಆರಿಸಿಲ್ಲ ಅಂದ್ರೆ ‘ಟಿಬಿಡಿ’, ಅಂದ್ರೆ ಇನ್ನೂ ತೀರ್ಮಾನ ಆಗಿಲ್ಲ, ಅಂತ ಹಾಕ್ತಾರೆ. ಹುಡುಗರು ಸಿಕ್ಕಿಬೀಳೋದೇ ಇಲ್ಲಿ. ನನ್ನ ಕೌಂಟರಿಗೆ ಬರೋರಲ್ಲಿ ಎಷ್ಟೋ ಜನ ಬೆಲೆ ಕೇಳೋದೇ ಮೊದಲ ವಾರದಲ್ಲಿ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಎರಡು ಅನುಕೂಲ ಇವೆ. ಸ್ಟೇಟ್ ಯೂನಿವರ್ಸಿಟಿ ಮತ್ತು ಕಮ್ಯುನಿಟಿ ಕಾಲೇಜುಗಳು (ಹೆಚ್ಚಾಗಿ ಎರಡು ವರ್ಷದ ಸರ್ಕಾರಿ ಕಾಲೇಜುಗಳು) ಪೂರ್ತಿ ಉಚಿತ ಡಿಜಿಟಲ್ ಸಾಮಗ್ರಿ ಇರೋ ಕೋರ್ಸಿಗೆ ಪಟ್ಟಿಯಲ್ಲಿ ಒಂದು ಗುರುತು ಹಾಕ್ಬೇಕು, 2018ರಿಂದ. ಆಮೇಲೆ 2023ರ ಇನ್ನೊಂದು ಕಾಯ್ದೆ: ಸಾಮಗ್ರಿಯ ಅಂದಾಜು ಖರ್ಚನ್ನ 2025ರೊಳಗೆ ಶೇ. 40 ಕೋರ್ಸುಗಳಿಗೆ, 2028ರೊಳಗೆ ಶೇ. 75ಕ್ಕೆ ತೋರಿಸಲೇಬೇಕು. ಉಳಿದ ಕಾಲು ಭಾಗ ಯಾಕೆ ಬಿಟ್ರು ಅನ್ನೋದು ನನಗಿನ್ನೂ ಸಿಟ್ಟು. ಸಾಲ ಮಾಡಿ ಓದೋರಿಗೆ ಪ್ರತಿ ಕೋರ್ಸಿನ ಖರ್ಚೂ ಗೊತ್ತಿರ್ಬೇಕು.

ಫ್ರೆಸ್ನೋ ಹುಡುಗಿ:
ಫೀಸಿನ ಬಿಲ್ ಕೂಡ ಬಿಡಿಸಿ ನೋಡ್ಲಿ. ಕೆಲವು ಕಡೆ ಡಿಜಿಟಲ್ ಪುಸ್ತಕದ ದುಡ್ಡು ತಾನಾಗೇ ಫೀಸಿಗೆ ಸೇರಿರುತ್ತೆ. ಬೇಡ ಅಂತ ಬಿಡಿಸ್ಕೊಳ್ಳೋಕೆ ಕಡೇ ದಿನಾಂಕ ಇರುತ್ತೆ. ಬಿಡಿಸ್ಕೊಳ್ಳೋ ಮುಂಚೆ ಹೋಂವರ್ಕೂ ಅದರೊಳಗೇ ಇದ್ಯಾ ಅಂತ ಕೇಳ್ಲಿ. ಇದ್ರೆ ಅದೂ ಹೋಗುತ್ತೆ.

ದಾವಣಗೆರೆ ಅಕ್ಕ:
ಪಟ್ಟಿಯಲ್ಲಿ ಟಿಬಿಡಿ ಅಂತಿದ್ರೆ ಏನ್ಮಾಡೋದು?

ಲೈಬ್ರರಿ ಕೆಲಸದವನು:
ಆ ಕೋರ್ಸಿಗೆ ಹೆಸರು ನೋಂದಾಯಿಸೋ ಮೊದಲೇ ಮೇಷ್ಟ್ರಿಗೆ ಮೇಲ್ ಹಾಕ್ಲಿ: ಕೋಡ್ ಕಡ್ಡಾಯವಾ, ಹಳೇ ಆವೃತ್ತಿ ನಡೆಯುತ್ತಾ, ಲೈಬ್ರರಿಯಲ್ಲಿ ಒಂದು ಪ್ರತಿ ಇಡ್ತೀರಾ ಅಂತ. ಜನರಲ್ ಕೆಮಿಸ್ಟ್ರಿ ಆದ್ರೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟಾಕ್ಸ್ ಪುಸ್ತಕ ಪುಕ್ಕಟೆ ಸಿಗುತ್ತೆ. ಅದರಲ್ಲಿ ಓದಿದ್ರೆ ಸಾಕಾ ಅಂತಾನೂ ಕೇಳ್ಲಿ.