ತರಕಾರಿ ಹಾಕಿದ ತಟ್ಟೆ ಇಡ್ಲಿ ನಡುವೆ ಹಸಿಯಾಗಿಯೇ ಉಳಿಯುತ್ತಿದೆ, ಏನು ಮಾಡಲಿ?

ಚಿಂತಾಮಣಿ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಂತಾಮಣಿ. ಅತ್ತೆಗೆ ಆರು ವರ್ಷದಿಂದ ಶುಗರ್ ಇದೆ. ಮಗನಿಗೆ ಏಳು ವರ್ಷ. ಪಲ್ಯ ಬಡಿಸಿದರೆ ಒಂದೊಂದೇ ಚೂರು ಆರಿಸಿ ತಟ್ಟೆಯ ಅಂಚಿಗೆ ಜೋಡಿಸಿಡುತ್ತಾನೆ. ಆದರೆ ತಟ್ಟೆ ಇಡ್ಲಿ ಅಂದರೆ ಅಜ್ಜಿ, ಮೊಮ್ಮಗ ಇಬ್ಬರಿಗೂ ಪ್ರಾಣ. ಅದಕ್ಕೇ ಇಡ್ಲಿಯ ಒಳಗೇ ತರಕಾರಿ ಹೋಗಲಿ ಅಂತ ಮೂರು ವಾರದಿಂದ ಒದ್ದಾಡುತ್ತಿದ್ದೇನೆ.

ನನ್ನ ಅಳತೆ ಇಷ್ಟು. 4 ಲೋಟ ದಪ್ಪಕ್ಕಿ, 1 ಲೋಟ ಉದ್ದಿನಬೇಳೆ, ಅರ್ಧ ಚಮಚ ಮೆಂತ್ಯ, ಒಂದು ಹಿಡಿ ಗಟ್ಟಿ ಅವಲಕ್ಕಿ. ರಾತ್ರಿ ಎಂಟಕ್ಕೆ ರುಬ್ಬಿ, ಉಪ್ಪು ಹಾಕಿ, ಎರಡು ಕ್ಯಾರೆಟ್ ಮತ್ತು ಅರ್ಧ ಸೋರೆಕಾಯಿ ತುರಿದು ಕಲಸಿ ಮುಚ್ಚಿಡುತ್ತೇನೆ. ಬೆಳಗ್ಗೆ ನೋಡಿದರೆ ಹಿಟ್ಟು ಒಂದು ಬೆರಳೂ ಏರಿರುವುದಿಲ್ಲ, ಮೇಲೆ ನೀರು ನಿಂತಿರುತ್ತದೆ. ಬೇಯಿಸಿದರೆ ಅಂಚು ಗಟ್ಟಿ, ನಡುವೆ ಅಂಟಂಟು. ಮೊನ್ನೆ ಅತ್ತೆ ಏನೂ ಅನ್ನದೆ ಅದನ್ನೇ ತಿಂದೆದ್ದರು. ಬೈದಿದ್ದರೂ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಸೋಡಾ ಹಾಕಲು ನನಗಿಷ್ಟವಿಲ್ಲ. ತರಕಾರಿ ಯಾವಾಗ ಹಾಕಬೇಕು? ಅಕ್ಕಿ ಕಡಿಮೆ ಮಾಡಿ ರಾಗಿ ಸೇರಿಸಬಹುದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕ್ಯಾತ್ಸಂದ್ರದವನು:

ತಂಗಿ, ನಮ್ಮಪ್ಪ ಕ್ಯಾತ್ಸಂದ್ರದಲ್ಲಿ ಮೂವತ್ತು ವರ್ಷ ತಟ್ಟೆ ಇಡ್ಲಿ ಬೇಯಿಸಿದವರು. ಸಿದ್ಧಗಂಗಾ ಮಠಕ್ಕೆ ಬಂದವರು, ಹೈವೇಯಲ್ಲಿ ಹೋಗುವವರು ಎಲ್ಲ ನಮ್ಮ ಬೆಂಚಿನ ಮೇಲೆ ಕೂತು ತಿಂದು ಹೋಗುತ್ತಿದ್ದರು. ನಾನು ಹತ್ತನೇ ವಯಸ್ಸಿನಿಂದ ಆ ಹಬೆಯ ಮುಂದೆ ನಿಂತವನು. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಿಮ್ಮ ಅಳತೆಯಲ್ಲಿ ತಪ್ಪಿಲ್ಲ. ತರಕಾರಿ ಹಾಕುವ ಹೊತ್ತು ತಪ್ಪಾಗಿದೆ. ಸೋರೆಕಾಯಿ ಅಂದರೆ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಅದಕ್ಕೆ ಉಪ್ಪು ತಾಗಿದರೆ ರಾತ್ರಿಯೆಲ್ಲ ನೀರು ಬಿಡುತ್ತಲೇ ಇರುತ್ತದೆ. ಹಿಟ್ಟು ತೆಳ್ಳಗಾಯಿತು ಅಂದರೆ ಹುದುಗು ಬಂದಾಗ ಏಳುವ ಗಾಳಿ ಒಳಗೆ ನಿಲ್ಲುವುದಿಲ್ಲ. ಜೊತೆಗೆ ಈಗ ನಿಮ್ಮ ಕಡೆ ಚಳಿ. ಹಿಟ್ಟು ಹುದುಗಲು ಸುಮಾರು 30 ಡಿಗ್ರಿ ಬೆಚ್ಚಗಿದ್ದರೆ ಒಳ್ಳೆಯದು. ಜನವರಿ ರಾತ್ರಿ ಅಡುಗೆಮನೆ ಅಷ್ಟು ಬೆಚ್ಚಗೆ ಎಲ್ಲಿರುತ್ತದೆ? ನಮ್ಮಪ್ಪ ಚಳಿಗಾಲದಲ್ಲಿ ಹಿಟ್ಟಿನ ಪಾತ್ರೆಗೆ ಹಳೇ ಕಂಬಳಿ ಸುತ್ತಿ ಒಲೆಯ ಪಕ್ಕ ಇಡುತ್ತಿದ್ದರು. ನೀವು ಸಂಜೆ ಆರಕ್ಕೇ ರುಬ್ಬಿ, ಹಾಗೆ ಸುತ್ತಿಡಿ. ಹನ್ನೆರಡು ಗಂಟೆ ಬೇಕೇ ಬೇಕು.

ಉದ್ದನ್ನು ಬೇರೆಯಾಗಿ, ತಣ್ಣೀರು ಚಿಮುಕಿಸಿಕೊಂಡು ರುಬ್ಬಿ. ಒಂದು ಚೂರು ತೆಗೆದು ನೀರಿನ ಬಟ್ಟಲಿಗೆ ಹಾಕಿದರೆ ತೇಲಬೇಕು. ಮುಳುಗಿದರೆ ಇನ್ನೂ ರುಬ್ಬಬೇಕು. ಇದೊಂದನ್ನು ಬಿಡಬೇಡಿ.

ತರಕಾರಿ ಬೆಳಗ್ಗೆ. ಕ್ಯಾರೆಟ್ ತುರಿಯನ್ನು ಸಾಸಿವೆ, ಕರಿಬೇವಿನ ಒಗ್ಗರಣೆಯಲ್ಲಿ ಎರಡು ಮೂರು ನಿಮಿಷ ಬಾಡಿಸಿ, ಪೂರ್ತಿ ಆರಿಸಿ. ಸೋರೆಕಾಯಿ ಹಾಕಲೇಬೇಕು ಅಂದರೆ ತುರಿದು ಬಟ್ಟೆಯಲ್ಲಿ ಹಿಂಡಿ. ಆ ನೀರು ಚೆಲ್ಲಬೇಡಿ, ಸಾರಿಗೆ ಹಾಕಿ. ಆರು ತಟ್ಟೆಗೆ ಒಂದು ಲೋಟ ತರಕಾರಿ ಸಾಕು. ಅದಕ್ಕಿಂತ ಜಾಸ್ತಿ ಹಾಕಿದರೆ ಅದು ಇಡ್ಲಿಯಾಗಿ ನಿಲ್ಲುವುದಿಲ್ಲ. ಇನ್ನೊಂದು, ಎಲ್ಲವನ್ನೂ ಕಲಸಬೇಡಿ. ಹುದುಗಿದ ಹಿಟ್ಟನ್ನು ಸೌಟಿನಿಂದ ಗಿರಗಿರ ತಿರುಗಿಸಿದರೆ ಒಳಗಿನ ಗಾಳಿಯೆಲ್ಲ ಹೋಗುತ್ತದೆ. ತಟ್ಟೆಗೆ ಎಣ್ಣೆ ಸವರಿ, ಒಂದು ಸೌಟು ಹಿಟ್ಟು, ಮೇಲೆ ತೆಳ್ಳಗೆ ತರಕಾರಿ ಉದುರಿಸಿ, ಅದರ ಮೇಲೆ ಅರ್ಧ ಸೌಟು ಹಿಟ್ಟು. ಅಷ್ಟೇ.

ನೀರು ಕುದಿ ಬಂದ ಮೇಲೆಯೇ ಸ್ಟ್ಯಾಂಡ್ ಇಳಿಸಿ. ಮುಚ್ಚಳಕ್ಕೆ ಒಂದು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಹಬೆಯ ಹನಿ ನಡುವಿಗೇ ಬೀಳುತ್ತದೆ. ತಟ್ಟೆ ಇಡ್ಲಿಗೆ 15 ನಿಮಿಷ, ತರಕಾರಿ ಇದ್ದರೆ ಇನ್ನೆರಡು ನಿಮಿಷ. ಬೆರಳು ಒದ್ದೆ ಮಾಡಿ ನಡುವೆ ಮುಟ್ಟಿ ನೋಡಿ. ಅಂಟಬಾರದು.

ಮಾಲೂರು ಅಜ್ಜಿ:

ಮೇಲಿನವರು ಹೇಳಿದ್ದು ಸರಿಯಾಗಿದೆ ಕಣಮ್ಮ. ಆದರೆ ನನ್ನದೊಂದು ಮಾತು. ಇಡ್ಲಿಯ ಹೊಟ್ಟೆಗೆ ತರಕಾರಿ ತುರುಕಿದರೆ ಎಷ್ಟು ಹಿಡಿದೀತು? ಹಬೆಯಲ್ಲೇ ಬೇಯಬೇಕು, ಸೊಪ್ಪೂ ಧಾರಾಳವಾಗಿ ಹೋಗಬೇಕು ಅಂದರೆ ನುಚ್ಚಿನುಂಡೆ ಮಾಡು. ಅದಕ್ಕೆ ಅಕ್ಕಿ ಬೇಡ, ಹುದುಗುವುದೂ ಬೇಡ, ಚಳಿಯ ಕಾಟವೂ ಇಲ್ಲ.

ಒಂದು ಲೋಟ ತೊಗರಿಬೇಳೆ, ಅರ್ಧ ಲೋಟ ಕಡ್ಲೆಬೇಳೆ ಎರಡು ಮೂರು ಗಂಟೆ ನೆನೆಸು. ನೀರು ಪೂರ್ತಿ ಬಸಿದು, ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ ಜೊತೆ ತರಿತರಿಯಾಗಿ ರುಬ್ಬು. ನುಣ್ಣಗಾದರೆ ಉಂಡೆ ಕಲ್ಲಾಗುತ್ತದೆ. ಒಂದು ದೊಡ್ಡ ಕಟ್ಟು ಸಬ್ಬಸಿಗೆ ಸೊಪ್ಪು ಸಣ್ಣಗೆ ಹೆಚ್ಚಿ, ತೆಂಗಿನತುರಿ, ಇಂಗು, ಉಪ್ಪು ಹಾಕಿ ಕಲಸು. ಮುಷ್ಟಿಯಲ್ಲಿ ಒತ್ತಿ ಉದ್ದುದ್ದ ಉಂಡೆ ಕಟ್ಟಿ 15 ನಿಮಿಷ ಹಬೆಯಲ್ಲಿ ಬೇಯಿಸು. ಮೇಲೆ ಬೆರಳಿನ ಗುರುತು ಹಾಗೇ ಉಳಿಯಬೇಕು, ಅದೇ ಚೆಂದ. ಮಜ್ಜಿಗೆ ಹುಳಿ ಜೊತೆ ಕೊಡು. ಈಗ ಅವರೆಕಾಯಿ ಕಾಲ ಅಲ್ವಾ, ಒಂದು ಹಿಡಿ ಹಿತಕಿದ ಬೇಳೆಯನ್ನು ಇಡಿಯಾಗಿಯೇ ಸೇರಿಸು. ನಮ್ಮ ಮನೆಯಲ್ಲಿ ಜನವರಿ ಬಂದರೆ ಅದಿಲ್ಲದೆ ನುಚ್ಚಿನುಂಡೆ ಮಾಡುವುದೇ ಇಲ್ಲ. ಸಬ್ಬಸಿಗೆಯ ವಾಸನೆ ಹುಡುಗನಿಗೆ ಹಿಡಿಸದಿದ್ದರೆ ಮೊದಲ ಸಲ ಅರ್ಧ ಕಟ್ಟು ಹಾಕು.

ಮುಳಬಾಗಿಲು ರಾಗಿ:

ರಾಗಿ ಬಗ್ಗೆ ಕೇಳಿದ್ದೀರಿ. ನಾವು ಜಿಪಿಯು-28 ತಳಿಯ ರಾಗಿ ಬೆಳೆಯುತ್ತೇವೆ, ಮನೆಯಲ್ಲಿ ವಾರಕ್ಕೆರಡು ದಿನ ರಾಗಿ ಇಡ್ಲಿ ಇದ್ದೇ ಇರುತ್ತದೆ. 1 ಲೋಟ ಉದ್ದು ರುಬ್ಬಿಕೊಂಡು, ಅದಕ್ಕೆ 2 ಲೋಟ ರಾಗಿ ಹಿಟ್ಟು, ತೊಳೆದು ಹಿಂಡಿದ 1 ಲೋಟ ಇಡ್ಲಿ ರವೆ ರಾತ್ರಿಯೇ ಕಲಸಿಡಿ. ಅಕ್ಕಿಯಷ್ಟು ಏರುವುದಿಲ್ಲ, ಹೆದರಬೇಡಿ. ತಟ್ಟೆ ಇಡ್ಲಿ ಬೇಡ, ಸಣ್ಣ ಗುಳಿಯಲ್ಲೇ ಹುಯ್ಯಿರಿ.

100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ನಾರೂ ಚೆನ್ನಾಗಿದೆ. ಹಾಗಂತ ಶುಗರ್ ಇದ್ದವರು ರಾಗಿ ಅಂದುಕೊಂಡು ಎಷ್ಟು ಬೇಕಾದರೂ ತಿನ್ನುವಂತಿಲ್ಲ. ಅದರಲ್ಲೂ ಪಿಷ್ಟ ಇದೆ. ನಮ್ಮಮ್ಮನಿಗೆ ಎರಡು ಇಡ್ಲಿ, ಒಂದು ಬಟ್ಟಲು ತುಂಬಾ ತರಕಾರಿ ಸಾಂಬಾರ್ ಕೊಡುತ್ತೇವೆ. ಊಟವಾಗಿ ಎರಡು ಗಂಟೆ ಕಳೆದ ಮೇಲೆ ಮನೆಯಲ್ಲೇ ಶುಗರ್ ನೋಡುತ್ತೇವೆ. ನಿಮ್ಮ ಅತ್ತೆಗೆ ಎಷ್ಟು ಸರಿ ಅಂತ ಅವರ ಡಾಕ್ಟರ್ ಹತ್ತಿರ ಕೇಳಿ.

ಚಿಂತಾಮಣಿ ಸೊಸೆ:

ಅಣ್ಣಂದಿರಿಗೆ, ಅಜ್ಜಿಗೆ ತುಂಬಾ ಥ್ಯಾಂಕ್ಸ್. ಭಾನುವಾರ ಸಂಜೆ ಆರಕ್ಕೇ ರುಬ್ಬಿದೆ. ಮೊದಲ ಸಲ ಉದ್ದು ನೀರಲ್ಲಿ ಮುಳುಗಿತು. ಇನ್ನೂ ಹತ್ತು ನಿಮಿಷ ರುಬ್ಬಿದ ಮೇಲೆ ಬೆಣ್ಣೆ ಹಾಗೆ ತೇಲಿತು! ಸೋಮವಾರ ಬೆಳಗ್ಗೆ ಕಂಬಳಿ ಬಿಚ್ಚಿದರೆ ಹಿಟ್ಟು ಮುಚ್ಚಳಕ್ಕೆ ತಾಗಿತ್ತು. ಸೋರೆಕಾಯಿ ಬಿಟ್ಟು ಕ್ಯಾರೆಟ್ ಒಂದೇ ಹಾಕಿದೆ. ನಡುವೆ ಎಲ್ಲೂ ಹಸಿಯಿಲ್ಲ. ಮಗ ಇಡ್ಲಿ ಮುರಿದು ಒಳಗಿನ ಕೆಂಪು ಗೆರೆ ನೋಡಿದ, ಕರಿಬೇವು ಮಾತ್ರ ತೆಗೆದಿಟ್ಟು ಉಳಿದದ್ದೆಲ್ಲ ತಿಂದ.

ನುಚ್ಚಿನುಂಡೆ ಅಂದದ್ದೇ ತಡ, ಅತ್ತೆ ತಾವೇ ಸಬ್ಬಸಿಗೆ ಸೋಸಲು ಕೂತರು. ಉಂಡೆಯನ್ನೂ ಅವರೇ ಕಟ್ಟಿದರು, ನನ್ನ ಕೈಗೆ ಕೊಡಲಿಲ್ಲ. ಅವರ ತವರಿನಲ್ಲಿ ಕೈಯಿಂದ ಕೈಗೆ ಎರಡು ಸಲ ತಟ್ಟಿ ಕಟ್ಟುತ್ತಿದ್ದರಂತೆ.

ರಾಗಿ ಇಡ್ಲಿ ಈ ವಾರ ಮಾಡುತ್ತೇನೆ. ಅಜ್ಜಿ, ಒಂದು ಕೇಳಬೇಕಿತ್ತು. ಉಂಡೆ ಮಿಕ್ಕಿದೆ. ಅದನ್ನು ನಾಳೆ ಮತ್ತೆ ಹಬೆಯಲ್ಲಿ ಬಿಸಿ ಮಾಡಲಾ, ಇಲ್ಲಾ ಪುಡಿ ಮಾಡಿ ಒಗ್ಗರಣೆ ಹಾಕಲಾ?

ಮಾಲೂರು ಅಜ್ಜಿ:

ಪುಡಿ ಮಾಡಿ ಒಗ್ಗರಣೆ ಹಾಕು. ಮೇಲೆ ನಿಂಬೆಹಣ್ಣು ಹಿಂಡು.