ಬ್ರೇಕ್ ಪ್ಯಾಡ್ ಹಾಕುವಾಗ ಯಾವ ಗ್ರೀಸ್, ಎಲ್ಲಿಗೆ?

ಚಿಕ್ಕಬಳ್ಳಾಪುರದಿಂದ ಕೇಳಿದ್ದು:
ನಮ್ಮದು ಹತ್ತು ವರ್ಷದ ಸಣ್ಣ ಕಾರು. ನಂದಿ ಬೆಟ್ಟ ಇಳಿಯುವಾಗ ಮುಂದಿನ ಎಡ ಚಕ್ರ ಕಿರ್ ಅನ್ನುತ್ತಿತ್ತು. ಬಿಚ್ಚಿದರೆ ಒಳಗಿನ ಪ್ಯಾಡ್ ತಗಡಿನ ತನಕ ಸವೆದಿದೆ, ಹೊರಗಿನದು ಅರ್ಧ ಹಾಗೇ ಇದೆ. ಹೊಸ ಸೆಟ್ ತಂದಿದ್ದೇನೆ. ಅಂಗಡಿಯಲ್ಲಿ ಕಾಪರ್ ಗ್ರೀಸ್ ಕೊಟ್ಟರು. ಮನೆಯಲ್ಲಿ ಬೇರಿಂಗ್ ಗ್ರೀಸ್ ಡಬ್ಬಿ ಇದೆ. ಎಲ್ಲಿಗೆ ಯಾವುದು? ಕೈಯಾರೆ ಮಾಡಿದವರು ಹೇಳಿ.

ಚಿಂತಾಮಣಿಯಿಂದ:
ತಮ್ಮಾ, ಒಳಗಿನದು ಮಾತ್ರ ಸವೆದಿದೆ ಅಂದರೆ ಮೊದಲು ಸ್ಲೈಡ್ ಪಿನ್ ನೋಡು, ಕ್ಯಾಲಿಪರ್ (ಪ್ಯಾಡುಗಳನ್ನು ಚಕ್ರದ ಡಿಸ್ಕಿಗೆ ಒತ್ತುವ ಇಕ್ಕಳ) ಜಾರುವುದು ಅದರ ಮೇಲೇ. ಪಿನ್ ಜಾರದಿದ್ದರೆ ಕ್ಯಾಲಿಪರ್ ಅಲ್ಲಾಡಲ್ಲ. ಪಿಸ್ಟನ್ (ಪ್ಯಾಡ್ ತಳ್ಳುವ ಉರುಳೆ) ಕಡೆಯ, ಅಂದರೆ ಒಳಗಿನ ಪ್ಯಾಡೇ ಎಲ್ಲ ಕೆಲಸ ಮಾಡುತ್ತದೆ. ಪಿನ್ ಸರಿ ಮಾಡದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ.

ಬೇರಿಂಗ್ ಗ್ರೀಸ್ ಹಚ್ಚಿ ಕೆಟ್ಟವನು ನಾನು. ಹಚ್ಚಿದ ದಿನ ಬೆಣ್ಣೆಯ ಹಾಗೆ ಜಾರಿತು. ವರ್ಷದ ಮೇಲೆ ಎಳೆದರೆ ಪಿನ್ ಬರಲೇ ಇಲ್ಲ, ಪೈಪ್ ರೆಂಚ್ ಹಾಕಿ ತಿರುಗಿಸಿ ಕೀಳಬೇಕಾಯಿತು. ಪಿನ್ ತುದಿಯ ರಬ್ಬರ್ ತೋಳು ನೆನೆಸಿದ ಕಡಲೆಕಾಳಿನ ಹಾಗೆ ಉಬ್ಬಿ, ತೂತಿನಲ್ಲಿ ಕಚ್ಚಿಕೊಂಡಿತ್ತು. ಪೆಟ್ರೋಲಿಯಂ ಗ್ರೀಸ್ ಬ್ರೇಕಿನ ರಬ್ಬರಿಗೆ ಆಗಿಬರಲ್ಲ. ಪಿನ್‌ಗೆ ಸಿಲಿಕೋನ್ ಗ್ರೀಸೇ ಬೇಕು. ಅದೂ ಸುಮ್ನೆ ಸವರಿದಷ್ಟು. ಜಾಸ್ತಿ ತುಂಬಿದರೆ ಒಳಗೆ ಗಾಳಿ ಸಿಕ್ಕಿಕೊಂಡು, ಒತ್ತಿದ ಪಿನ್ ಮತ್ತೆ ಹೊರಗೆ ಬರುತ್ತದೆ. ಹಳೇ ಗ್ರೀಸ್ ಪೂರ್ತಿ ಒರೆಸಿಯೇ ಹೊಸದು ಹಚ್ಚು.

ಇನ್ನೊಂದು, ಕೆಲವು ಕಾರುಗಳಲ್ಲಿ ಎರಡು ಪಿನ್ ಒಂದೇ ತರಹ ಇರಲ್ಲ. ರಬ್ಬರ್ ತೋಳಿರುವುದು ಯಾವ ತೂತಿನದು ಅಂತ ಕೀಳುವ ಮುಂಚೆ ಫೋಟೋ ತೆಗೆದುಕೋ.

ಗೌರಿಬಿದನೂರಿನಿಂದ:
ಚಿಂತಾಮಣಿ ಅಣ್ಣ ಹೇಳಿದ್ದು ಸರಿ. ನಾನು ಪ್ಯಾಡಿನ ಕಿವಿಗಳ (ಎರಡು ತುದಿಯ ಚಾಚುಗಳ) ಬಗ್ಗೆ ಹೇಳುತ್ತೇನೆ. ನಮ್ಮ ಕಡೆ ಕ್ವಾರಿ ಲಾರಿಗಳ ಧೂಳು ಗೊತ್ತಲ್ಲ. ಆ ಕಿವಿ ಕೂರುವ ಬ್ರಾಕೆಟ್ಟಿನ ಸ್ಟೀಲ್ ಕ್ಲಿಪ್ ಕಿತ್ತು ನೋಡಿ, ಅದರ ಕೆಳಗೆ ತುಕ್ಕು ಪದರ ಕಟ್ಟಿರುತ್ತದೆ. ವೈರ್ ಬ್ರಷ್ ಹಾಕಿ ಹೊಳೆಯುವ ತನಕ ಉಜ್ಜಿ. ಹೊಸ ಕ್ಲಿಪ್ ಸೆಟ್ಟಿನಲ್ಲೇ ಬಂದಿದ್ದರೆ ಅದನ್ನೇ ಹಾಕಿ. ಪ್ಯಾಡ್ ಬೆರಳಲ್ಲಿ ತಳ್ಳಿದರೆ ಜಾರಬೇಕು, ಸುತ್ತಿಗೆ ಬೇಕಾದರೆ ಎಲ್ಲೋ ತಪ್ಪಿದೆ. ಆಮೇಲೆ ಕಿವಿ ಮುಟ್ಟುವ ಜಾಗಕ್ಕೆ ಮಾತ್ರ ಸೆರಾಮಿಕ್ ಬ್ರೇಕ್ ಗ್ರೀಸ್, ಉಗುರಿನ ತುದಿಯಷ್ಟು. ಕಾಪರ್ ಗ್ರೀಸ್ ಬಿಸಿ ತಡೆಯುತ್ತದೆ, ಆದರೆ ಪಿನ್ ಮತ್ತು ರಬ್ಬರ್ ಹತ್ತಿರ ತರಬೇಡಿ.

ಪ್ಯಾಡಿನ ಬೆನ್ನಿಗೆ ಪಿಸ್ಟನ್ ಮುಟ್ಟುವ ಕಡೆ ಅದೇ ಸೆರಾಮಿಕ್ ಗ್ರೀಸ್ ತೆಳ್ಳಗೆ ಹಚ್ಚಬಹುದು. ಶಿಮ್ಮಿಗೆ (ಬೆನ್ನಿನ ತೆಳು ತಗಡಿಗೆ) ಅಂಟು ಇದ್ದರೆ ಅದೂ ಬೇಡ. ಸವೆಯುವ ಮುಖಕ್ಕೂ ಡಿಸ್ಕಿಗೂ ಒಂದು ತೊಟ್ಟೂ ತಾಗಬಾರದು. ಡಿಸ್ಕಿಗೆ ಬೆರಳಚ್ಚು ಬಿದ್ದರೆ ಬ್ರೇಕ್ ಕ್ಲೀನರ್ ಹೊಡೆದು ಬಟ್ಟೆಯಲ್ಲಿ ಒರೆಸಿ.

ಬಾಗೇಪಲ್ಲಿಯಿಂದ:
ಪಿಸ್ಟನ್ ಒಳಗೆ ಒತ್ತುವ ಮುಂಚೆ ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಒತ್ತಿದರೆ ಆಯಿಲ್ ಮೇಲೇರುತ್ತದೆ, ನಮ್ಮದು ತುಳುಕಿ ಪೇಂಟ್ ಎದ್ದು ಹೋಯಿತು! ಕ್ಯಾಲಿಪರನ್ನು ಪೈಪಿನಲ್ಲಿ ನೇತಾಡಲು ಬಿಡಬೇಡಿ, ತಂತಿ ಕಟ್ಟಿ. ಬರೀ ಜಾಕ್ ನಂಬಬೇಡಿ, ಕೆಳಗೆ ಸ್ಟ್ಯಾಂಡ್ ಇಡಿ. ಎಡಬಲ ಎರಡೂ ಒಂದೇ ದಿನ ಬದಲಾಯಿಸಿ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೆತ್ತಿರುತ್ತದೆ, ಅದಕ್ಕಿಂತ ತೆಳ್ಳಗಾಗಿದ್ದರೆ ಡಿಸ್ಕೂ ಹೋಗಬೇಕು.

ಕೇಳಿದವರಿಂದ, ಮುಂದಿನ ಭಾನುವಾರ:
ಮುಗಿಯಿತು. ಅಣ್ಣ ಅಂದ ಹಾಗೇ ಕೆಳಗಿನ ಪಿನ್ ಕಚ್ಚಿಕೊಂಡಿತ್ತು. ಪಿನ್ ಮುಚ್ಚುವ ರಬ್ಬರ್ ಬೂಟ್ ಹರಿದು ನೀರು ನುಗ್ಗಿ, ಪಿನ್ನಿನ ಅರ್ಧ ಕಂದು ಬಣ್ಣ. ಪಿನ್ನೂ ಬೂಟೂ ಹೊಸದು ಹಾಕಿದೆ. ಕಾರು ತೆಗೆಯುವ ಮುಂಚೆ ಪೆಡಲ್ ಒತ್ತುವುದು ಮರೆತಿದ್ದೆ, ಮೊದಲ ಒತ್ತಿಗೆ ಕಾಲು ನೆಲಕ್ಕೇ ಹೋಯಿತು. ಪುಣ್ಯಕ್ಕೆ ಗೇಟಿನೊಳಗೇ ಇದ್ದೆ. ನಾಲ್ಕೈದು ಸಲ ಒತ್ತಿದ ಮೇಲೆ ಗಟ್ಟಿಯಾಯಿತು. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ ಅಂತ ವೇಗವನ್ನು 50 ಕಿ.ಮೀ.ಯಿಂದ 10ಕ್ಕೆ ಹತ್ತು ಸಲ ನಿಧಾನವಾಗಿ ಇಳಿಸಿದೆ, ನಡುವೆ ಆರಲು ಬಿಟ್ಟು. ಇವತ್ತು ಬೆಟ್ಟದಿಂದ ಎರಡನೇ ಗೇರಿನಲ್ಲಿ ಇಳಿದೆ, ಸದ್ದಿಲ್ಲ. ಕಾಪರ್ ಗ್ರೀಸ್ ವಾಪಸ್ ಕೊಟ್ಟೆ. ಬೇರಿಂಗ್ ಗ್ರೀಸ್ ಅಮ್ಮ ಗೇಟಿನ ಕೀಲುಗಳಿಗೆ ಹಚ್ಚಿಸಿದರು.